ವಿಮಾನದ ಸದ್ದು, ಹೆಡ್‌ಸೆಟ್‌ನ ಸೆಲ್ಲು

ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಡಮರುಗದ ಸದ್ದು, ಗಂಟೆಯ ಸದ್ದು, ಏಳುಕೋಟಿಯ ಘೋಷ. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಆದರೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟೂ ಜನ ಮೌನವಾಗುತ್ತಾರೆ. ಆಮೇಲೆ ಬರುವ ಕಾರಣಿಕ ಒಂದೇ ಒಂದು ವಾಕ್ಯದ್ದು. ಆ ವಾಕ್ಯದ ಒಂದು ಪದ ತಪ್ಪಿ ಕೇಳಿಸಿದರೂ ಅರ್ಥವೇ ಬೇರೆಯಾಗಿಬಿಡುತ್ತದೆ. ಮಾತು ಕೇಳಿಸಬೇಕಾದರೆ ಮೊದಲು ಸದ್ದು ಅಡಗಬೇಕು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು.

ಪುಟ್ಟ ವಿಮಾನದ ಪೈಲಟ್ಟಿಗೂ ಕೇಳಿಸಬೇಕಾದುದು ಇಂಥ ಚುಟುಕು ವಾಕ್ಯಗಳೇ. ‘ಇಳಿಯಬಹುದು’, ‘ಇಳಿಯಬೇಡಿ’, ‘ಇಷ್ಟು ಎತ್ತರಕ್ಕೆ ಏರಿ’ ಎಂದು ನಿಯಂತ್ರಣ ಗೋಪುರದಿಂದ ರೇಡಿಯೊದಲ್ಲಿ ಸೂಚನೆ ಬರುತ್ತದೆ. ಆದರೆ ಆತ ಎಂಜಿನ್ನಿಗೆ ‘ಸದ್ದಲೇ’ ಎನ್ನುವಂತಿಲ್ಲ. ಅದು ಸುಮ್ಮನಾದರೆ ವಿಮಾನವೇ ಕೆಳಗಿಳಿಯಬೇಕಾಗುತ್ತದೆ! ಹಾಗಾದರೆ ಎಂಜಿನ್ ಗರ್ಜಿಸುತ್ತಿರುವಾಗಲೇ ಮಾತು ಕೇಳಿಸುವುದು ಹೇಗೆ? ಅದಕ್ಕಾಗಿ ಇರುವುದೇ ಹೆಡ್‌ಸೆಟ್. ಎರಡು ಕಿವಿಗಳನ್ನು ಮುಚ್ಚುವ ಬಟ್ಟಲುಗಳು, ಅವುಗಳೊಳಗೆ ಪುಟ್ಟ ಸ್ಪೀಕರುಗಳು, ತುಟಿಯ ಬಳಿಗೆ ಬಾಗಿದ ಒಂದು ಮೈಕು. ಈ ಸರಳ ಸಾಧನ ಕೈಕೊಟ್ಟಾಗ ದೋಷವನ್ನು ಹುಡುಕುವ ಕ್ರಮದಲ್ಲಿ ಹೈಸ್ಕೂಲಿನ ಭೌತವಿಜ್ಞಾನ, ರಸಾಯನವಿಜ್ಞಾನ ಎರಡೂ ಅಡಗಿವೆ.

ಇಷ್ಟೊಂದು ಸದ್ದು ಏಕೆ?

ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ತರಬೇತಿ ವಿಮಾನಗಳನ್ನು ತಯಾರಿಸುವುದರಲ್ಲಿಯೂ ಬೆಂಗಳೂರಿಗೆ ಹಳೆಯ ಹೆಸರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಎಚ್‌ಟಿ-2 ವಿಮಾನ 1951ರಲ್ಲಿ ಮೊದಲು ಹಾರಿತು. ಎನ್‌ಎಎಲ್ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಹಾರಿತು. ಇಂಥ ಎರಡು ಆಸನಗಳ ವಿಮಾನದಲ್ಲಿ ಪೈಲಟ್ಟಿನ ಮೊಣಕಾಲಿನಿಂದ ಕೆಲವೇ ಅಡಿ ಮುಂದೆ ಎಂಜಿನ್ ಇರುತ್ತದೆ. ನಡುವೆ ಇರುವುದು ಒಂದು ತೆಳುವಾದ ಗೋಡೆ. ತೂಕ ಹೆಚ್ಚಾಗಬಾರದೆಂದು ದಪ್ಪ ಹೊದಿಕೆಗಳನ್ನು ಹಾಕುವಂತಿಲ್ಲ.

ಒಂದು ಸಣ್ಣ ಲೆಕ್ಕ ಮಾಡಬಹುದು. ಎರಡು ಅಲಗುಗಳ ಪ್ರೊಪೆಲ್ಲರ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತದೆ ಎನ್ನೋಣ. ಅಂದರೆ ಸೆಕೆಂಡಿಗೆ 40 ಸುತ್ತು. ಪ್ರತಿ ಸುತ್ತಿಗೆ ಎರಡು ಅಲಗುಗಳು ಗಾಳಿಯನ್ನು ಬಡಿಯುತ್ತವೆ. ಆದ್ದರಿಂದ ಸೆಕೆಂಡಿಗೆ 80 ಬಡಿತ, ಅಂದರೆ 80 ಹರ್ಟ್ಸ್ ಆವೃತ್ತಿಯ ದಪ್ಪ ಗುಡುಗುಡು ಸದ್ದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು 80ರಿಂದ ಭಾಗಿಸಿದರೆ ಈ ಅಲೆಯ ತರಂಗದೂರ ಸಿಗುತ್ತದೆ: ನಾಲ್ಕು ಮೀಟರಿಗೂ ಹೆಚ್ಚು! ಇಷ್ಟು ಉದ್ದದ ಅಲೆಯನ್ನು ಒಂದೆರಡು ಅಂಗುಲ ದಪ್ಪದ ಸ್ಪಂಜು ತಡೆಯಲಾರದು. ಮೂರು ಸಾವಿರ ಹರ್ಟ್ಸ್‌ನ ಕೀರಲು ಸದ್ದಾದರೆ ತರಂಗದೂರ ಸುಮಾರು 11 ಸೆಂಟಿಮೀಟರ್ ಮಾತ್ರ. ಅದನ್ನು ಸ್ಪಂಜು ಸುಲಭವಾಗಿ ಹೀರಿಕೊಳ್ಳುತ್ತದೆ. ಜಾತ್ರೆಯ ಧ್ವನಿವರ್ಧಕ ದೂರದಲ್ಲಿದ್ದಾಗ ಹಾಡಿನ ಪದಗಳು ಕೇಳಿಸದೆ, ಡೋಲಿನ ‘ಧಂ ಧಂ’ ಮಾತ್ರ ಗೋಡೆ ದಾಟಿ ಮನೆಯೊಳಗೆ ಬರುವುದೂ ಇದೇ ಬಗೆಯ ಕಾರಣದಿಂದ.

ಸಣ್ಣ ವಿಮಾನದೊಳಗೆ ಶಬ್ದದ ಮಟ್ಟ 90 ಡೆಸಿಬೆಲ್‌ಗಳ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲಿರುತ್ತದೆ. ಕಿವಿಗೆ 85 ಡೆಸಿಬೆಲ್ ಶಬ್ದ ದಿನಕ್ಕೆ 8 ಗಂಟೆಯವರೆಗೆ ಬೀಳಬಹುದು ಎಂಬುದು ತಜ್ಞರು ಬಳಸುವ ಒಂದು ಅಳತೆಗೋಲು. ಡೆಸಿಬೆಲ್ 3 ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಆದ್ದರಿಂದ ಹೊತ್ತು ಅರ್ಧಕ್ಕೆ ಇಳಿಯಬೇಕು. ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಒಳಗಿವಿಯ ಶಂಖದಂಥ ಭಾಗದಲ್ಲಿರುವ ರೋಮಕೋಶಗಳು ಅತಿ ಶಬ್ದಕ್ಕೆ ಸಿಕ್ಕಿ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೆಡ್‌ಸೆಟ್ಟಿಗೆ ಬಿಡಿಭಾಗ ಸಿಗುತ್ತದೆ. ಕಿವಿಗೆ ಸಿಗುವುದಿಲ್ಲ.

ಒಂದು ಪದ ಕೇಳಿಸದಿದ್ದರೆ

ಸದ್ದಿನಲ್ಲಿ ಮಾತು ಮುಳುಗಿದರೆ ಏನಾಗಬಹುದು ಎಂಬುದಕ್ಕೆ ಜಗತ್ತು ಮರೆಯಲಾಗದ ಒಂದು ನಿದರ್ಶನವಿದೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಒಂದೇ ರನ್‌ವೇ ಮೇಲೆ ಎರಡು ಭಾರಿ ಜಂಬೋ ವಿಮಾನಗಳಿದ್ದವು. ‘ಕಾಯಿರಿ’ ಎಂದು ಗೋಪುರ ಹೇಳಿದ ಕ್ಷಣದಲ್ಲೇ, ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದು ಎರಡನೆಯ ವಿಮಾನವೂ ಹೇಳಿತು. ಒಂದೇ ರೇಡಿಯೊ ಆವೃತ್ತಿಯಲ್ಲಿ ಎರಡು ಮಾತುಗಳು ಡಿಕ್ಕಿಯಾದವು. ಹೊರಡಲು ಸಿದ್ಧವಾಗಿದ್ದ ವಿಮಾನದಲ್ಲಿ ಅವುಗಳ ಬದಲು ಕೇಳಿಸಿದ್ದು ಒಂದು ಕೀರಲು ಸದ್ದು. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಕೆಲವು ಸೆಕೆಂಡುಗಳ ಸದ್ದು ಕೊನೆಯ ಎಚ್ಚರಿಕೆಯನ್ನು ನುಂಗಿಹಾಕಿತು. ಸತ್ತವರು 583 ಮಂದಿ.

ಗೋಪುರದ ಸೂಚನೆಯನ್ನು ಪೈಲಟ್ ಮರಳಿ ಹೇಳಿ ಒಪ್ಪಿಸಬೇಕೆಂಬ ಕ್ರಮ ಇರುವುದು ಇದಕ್ಕಾಗಿಯೇ. ತರಗತಿಯಲ್ಲಿ ಮಗ್ಗಿ ಒಪ್ಪಿಸಿದಂತೆ! ಅಕ್ಷರಗಳಿಗೆ ‘ಆಲ್ಫಾ, ಬ್ರಾವೊ, ಚಾರ್ಲಿ’ ಎಂಬ ಹೆಸರುಗಳಿರುವುದೂ ಸದ್ದಿನ ನಡುವೆ ಒಂದು ಅಕ್ಷರ ಇನ್ನೊಂದರಂತೆ ಕೇಳಬಾರದೆಂದೇ.

ಸದ್ದಿಗೆ ಸದ್ದೇ ಮದ್ದು

ಹೆಡ್‌ಸೆಟ್‌ಗಳಲ್ಲಿ ಎರಡು ಬಗೆ. ಮೊದಲನೆಯದು ಬರೀ ತಡೆಗೋಡೆ. ಬಿಗಿಯಾದ ಬಟ್ಟಲು, ಒಳಗೆ ಸ್ಪಂಜು, ಅಂಚಿನಲ್ಲಿ ಮೆತ್ತನೆಯ ದಿಂಬು. ಇದಕ್ಕೆ ಸೆಲ್ಲು ಬೇಕಿಲ್ಲ. ಕೀರಲು ಸದ್ದನ್ನು ಇದು ಚೆನ್ನಾಗಿ ತಡೆಯುತ್ತದೆ. ಗುಡುಗುಡು ಸದ್ದನ್ನು ಅಷ್ಟಾಗಿ ತಡೆಯಲಾರದು.

ಎರಡನೆಯದು ಸದ್ದನ್ನು ಸದ್ದಿನಿಂದಲೇ ಅಳಿಸುವ ಹೆಡ್‌ಸೆಟ್. ಬಟ್ಟಲಿನೊಳಗಿನ ಪುಟ್ಟ ಮೈಕು ಒಳನುಗ್ಗಿದ ಸದ್ದನ್ನು ಗ್ರಹಿಸುತ್ತದೆ. ಎಲೆಕ್ಟ್ರಾನಿಕ್ ಮಂಡಲ ಅದರ ತದ್ವಿರುದ್ಧ ಅಲೆಯನ್ನು ಸ್ಪೀಕರಿನಿಂದ ಹೊರಡಿಸುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದಾಗ ಎರಡೂ ಅಳಿಯುತ್ತವೆ. ಪಠ್ಯಪುಸ್ತಕ ಇದನ್ನು ವ್ಯತಿಕರಣ ಎನ್ನುತ್ತದೆ. ಕೆರೆಯಲ್ಲಿ ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆದು, ಅಲೆಗಳು ಒಂದನ್ನೊಂದು ದಾಟುವ ಕಡೆ ಗಮನಿಸಿದರೆ ಕೆಲವೆಡೆ ನೀರು ಹೆಚ್ಚು ಏಳುತ್ತದೆ, ಕೆಲವೆಡೆ ಅಲುಗದೆ ನಿಲ್ಲುತ್ತದೆ. ಇದೂ ಅದೇ. ನಿಧಾನವಾಗಿ ಏರಿಳಿಯುವ ದಪ್ಪ ಸದ್ದಿಗೆ ತದ್ವಿರುದ್ಧ ಅಲೆಯನ್ನು ಹೊಂದಿಸುವುದು ಸುಲಭ. ಹೀಗೆ ಸ್ಪಂಜು ಸೋತಲ್ಲಿ ಈ ಉಪಾಯ ಗೆಲ್ಲುತ್ತದೆ.

ಈ ಕಲ್ಪನೆ ಹೊಸದಲ್ಲ. ಜರ್ಮನಿಯ ಪಾಲ್ ಲ್ಯೂಗ್ ಎಂಬಾತನಿಗೆ 1936ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಆದರೆ ಅಂದಿನ ಉಪಕರಣಗಳಿಂದ ಅದನ್ನು ಬಳಕೆಗೆ ತರಲಾಗಲಿಲ್ಲ. 1978ರಲ್ಲಿ ಅಮರ್ ಬೋಸ್ ಎಂಬ ಪ್ರಾಧ್ಯಾಪಕರು ಜೂರಿಕ್‌ನಿಂದ ಬೋಸ್ಟನ್‌ಗೆ ವಿಮಾನದಲ್ಲಿ ಹೊರಟಿದ್ದರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಸದ್ದಿನಿಂದಾಗಿ ಸಂಗೀತ ಸರಿಯಾಗಿ ಕೇಳಿಸಲಿಲ್ಲ. ಅವರು ಬೇಸರಪಟ್ಟು ಕೂರಲಿಲ್ಲ. ಆಸನದಲ್ಲೇ ಕಾಗದ ಹಿಡಿದು ಲೆಕ್ಕ ಹಾಕತೊಡಗಿದರು. ಇವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರ. ಬಾಲಕನಾಗಿದ್ದಾಗ ಅಮರ್ ರೇಡಿಯೊಗಳನ್ನು ರಿಪೇರಿ ಮಾಡಿ ಮನೆಗೆ ನೆರವಾಗಿದ್ದರು. ಅವರ ಸಂಸ್ಥೆ ತಯಾರಿಸಿದ ಪ್ರಾಯೋಗಿಕ ಹೆಡ್‌ಸೆಟ್‌ಗಳು 1986ರಲ್ಲಿ ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿಬಂದ ‘ವಾಯೇಜರ್’ ವಿಮಾನದ ಇಬ್ಬರು ಪೈಲಟ್‌ಗಳ ಕಿವಿಗಳನ್ನು ಕಾಪಾಡಿದವು. 1989ರಲ್ಲಿ ಅಂಥ ಹೆಡ್‌ಸೆಟ್ ಮಾರಾಟಕ್ಕೆ ಬಂತು. ವಿಮಾನದಲ್ಲಿ ಹೊಳೆದ ವಿಚಾರ ಪೈಲಟ್ಟಿನ ಕಿವಿಗೆ ತಲುಪಲು 11 ವರ್ಷ ಬೇಕಾಯಿತು.

ಸೆಲ್ಲಿನ ಸಮಸ್ಯೆಗಳು

ವಿರುದ್ಧ ಅಲೆಯನ್ನು ಹುಟ್ಟಿಸಲು ವಿದ್ಯುತ್ ಬೇಕು. ಕೆಲವು ಹೆಡ್‌ಸೆಟ್‌ಗಳು ವಿಮಾನದಿಂದಲೇ ವಿದ್ಯುತ್ ಪಡೆಯುತ್ತವೆ. ಉಳಿದವುಗಳಿಗೆ ಸಾಮಾನ್ಯವಾಗಿ ಎರಡು ಪೆನ್ಸಿಲ್ ಸೆಲ್ಲುಗಳು ಬೇಕು. ಸೆಲ್ಲು ಮುಗಿದರೆ ಮಾತು ನಿಂತುಹೋಗುತ್ತದೆಯೇ? ಬಹುತೇಕ ಮಾದರಿಗಳಲ್ಲಿ ಇಲ್ಲ. ಸದ್ದನ್ನು ಅಳಿಸುವ ಕೆಲಸ ಮಾತ್ರ ನಿಂತು, ಅದು ಮಾಮೂಲಿ ತಡೆಗೋಡೆಯ ಹೆಡ್‌ಸೆಟ್‌ನಂತೆ ಕೆಲಸ ಮಾಡುತ್ತದೆ. ಆದರೆ ಅಡಗಿದ್ದ ಗುಡುಗು ಇದ್ದಕ್ಕಿದ್ದಂತೆ ಕಿವಿಗೆ ಅಪ್ಪಳಿಸಿದಾಗ ಹೊಸ ಪೈಲಟ್ ಎಂಜಿನ್ನಿಗೇ ಏನೋ ಆಯಿತೆಂದು ಗಾಬರಿಯಾಗಬಹುದು. ಅದೂ ಇಳಿಯುವ ಹೊತ್ತಿನಲ್ಲಾದರೆ ಅಪಾಯ.

ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಹೊಲಕ್ಕೆ ಟಾರ್ಚ್ ಹಿಡಿದು ಹೋಗುವ ರೈತರಿಗೆ ಸೆಲ್ಲಿನ ಚಾಳಿ ಗೊತ್ತು. ಮನೆಯಲ್ಲಿ ಚೆನ್ನಾಗಿ ಹತ್ತಿದ ಟಾರ್ಚು ಹೊಲದಲ್ಲಿ ಹತ್ತು ನಿಮಿಷಕ್ಕೆ ಮಂಕಾಗುತ್ತದೆ. ಹಳೆಯದಾದಂತೆ ಸೆಲ್ಲಿನ ಆಂತರಿಕ ರೋಧ ಹೆಚ್ಚುತ್ತದೆ. ಅಂಥ ಸೆಲ್ಲನ್ನು ಮಲ್ಟಿಮೀಟರಿಗೆ ಹಿಡಿದರೆ 1.4 ವೋಲ್ಟ್ ತೋರಿಸೀತು. ಹೆಡ್‌ಸೆಟ್ಟಿಗೆ ಹಾಕಿದೊಡನೆ ವೋಲ್ಟೇಜು ಕುಸಿಯುತ್ತದೆ. ಆದ್ದರಿಂದ ಸೆಲ್ಲನ್ನು ಸುಮ್ಮನೆ ಅಳೆಯಬಾರದು. ಟಾರ್ಚಿನ ಬಲ್ಬಿಗೆ ಜೋಡಿಸಿ, ಅದು ಉರಿಯುತ್ತಿರುವಾಗ ಅಳೆಯಬೇಕು.

ಎರಡನೆಯ ತಪ್ಪು, ಒಂದು ಹೊಸ ಸೆಲ್ಲು ಮತ್ತು ಒಂದು ಹಳೆಯ ಸೆಲ್ಲನ್ನು ಜೊತೆಗೂಡಿಸುವುದು. ಹಳೆಯದು ಬೇಗ ಬರಿದಾಗಿ, ಹೊಸದು ಅದರ ಮೂಲಕ ವಿದ್ಯುತ್ತನ್ನು ನೂಕುತ್ತಲೇ ಇರುತ್ತದೆ. ಕೊನೆಗೆ ಹಳೆಯ ಸೆಲ್ಲು ಸೋರತೊಡಗುತ್ತದೆ. ಒಂದು ಬಂಡಿಗೆ ಬಲಿತ ಎತ್ತನ್ನೂ ಬಡಕಲು ಎತ್ತನ್ನೂ ಕಟ್ಟಿದಂತೆ. ಮೂರನೆಯದು, ಚಾರ್ಜ್ ಮಾಡಬಹುದಾದ ಸೆಲ್ಲುಗಳ ಗೊಂದಲ. ಸಾಮಾನ್ಯ ಆಲ್ಕಲೈನ್ ಸೆಲ್ಲು 1.5 ವೋಲ್ಟ್, ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು 1.2 ವೋಲ್ಟ್. ಎರಡನೆಯದನ್ನು ಹಾಕಿದರೆ ಕೆಲವು ಹೆಡ್‌ಸೆಟ್‌ಗಳು ಸೆಲ್ಲು ಪೂರ್ತಿ ಚಾರ್ಜ್ ಆಗಿದ್ದರೂ ‘ಮುಗಿಯುತ್ತಿದೆ’ ಎಂಬ ಕೆಂಪು ದೀಪ ತೋರಿಸುತ್ತವೆ. ದೋಷ ಇರುವುದು ಸೆಲ್ಲಿನಲ್ಲಲ್ಲ, ಹೊಂದಾಣಿಕೆಯಲ್ಲಿ.

ನಾಲ್ಕನೆಯದು ಸೋರಿಕೆ. ಆಲ್ಕಲೈನ್ ಸೆಲ್ಲಿನಲ್ಲಿ ಸತು, ಮ್ಯಾಂಗನೀಸ್ ಡೈಆಕ್ಸೈಡ್‌ಗಳ ಜೊತೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಪ್ರತ್ಯಾಮ್ಲವಿದೆ. ಅದು ಸೋರಿದಾಗ ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಕಟ್ಟುತ್ತದೆ. ಪರಿಹಾರ ಅಡುಗೆಮನೆಯಲ್ಲೇ ಇದೆ. ಸೆಲ್ಲುಗಳನ್ನು ತೆಗೆದು, ಕೈಗವಸು ಹಾಕಿ, ಹತ್ತಿಗೆ ಒಂದೆರಡು ಹನಿ ನಿಂಬೆರಸ ಹಚ್ಚಿ ಒರೆಸಬೇಕು. ಆಮ್ಲವು ಪ್ರತ್ಯಾಮ್ಲವನ್ನು ತಟಸ್ಥಗೊಳಿಸುತ್ತದೆ. ನಂತರ ತುಸು ಒದ್ದೆ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಬೆರಳನ್ನು ಕಣ್ಣಿಗೆ ತಾಗಿಸಬಾರದು. ಇದೆಲ್ಲಕ್ಕಿಂತ ಸುಲಭದ ದಾರಿಯೆಂದರೆ, ಬಹಳ ದಿನ ಬಳಸದಿದ್ದಾಗ ಸೆಲ್ಲುಗಳನ್ನು ಹೊರಗೆ ತೆಗೆದಿಡುವುದು, ಮತ್ತು ಹೆಡ್‌ಸೆಟ್ಟನ್ನು ಬಿಸಿಲಿನಲ್ಲಿ ನಿಂತ ವಿಮಾನದೊಳಗೆ ಬಿಡದಿರುವುದು. ಬಳ್ಳಾರಿ ಸೀಮೆಯ ಬೇಸಿಗೆಯಂಥ ಬಿಸಿಲಿನಲ್ಲಿ ಸೆಲ್ಲೂ ಹಾಳು, ಕಿವಿಯ ದಿಂಬೂ ಬಿರುಸು.

ಒಂದು ಸಲಕ್ಕೆ ಒಂದೇ ಬದಲಾವಣೆ

ಈಗ ದೋಷ ಹುಡುಕುವ ಕ್ರಮಕ್ಕೆ ಬರೋಣ. ಕಿವಿಯಲ್ಲಿ ಏನೋ ಸದ್ದು ಬರುತ್ತಿದೆ. ಅನೇಕರು ಗಾಬರಿಯಲ್ಲಿ ಸೆಲ್ಲು ಬದಲಿಸಿ, ಪ್ಲಗ್ಗು ಅಲುಗಾಡಿಸಿ, ಗುಂಡಿ ತಿರುಗಿಸಿ ಎಲ್ಲವನ್ನೂ ಒಟ್ಟಿಗೇ ಮಾಡಿಬಿಡುತ್ತಾರೆ. ಸದ್ದು ನಿಂತರೂ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ. ನಾಳೆ ಮತ್ತೆ ಬರುತ್ತದೆ. ಪ್ರಯೋಗಶಾಲೆಯ ಮೊದಲ ಪಾಠವೇ ಇಲ್ಲಿಯೂ ಪಾಠ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮೊದಲ ಹೆಜ್ಜೆ ಅದಲುಬದಲು. ಪಕ್ಕದ ಆಸನದ ಹೆಡ್‌ಸೆಟ್ಟನ್ನು ಇಲ್ಲಿಗೆ, ಇಲ್ಲಿನದನ್ನು ಅಲ್ಲಿಗೆ ಹಾಕಿ ನೋಡಬೇಕು. ತೊಂದರೆ ಹೆಡ್‌ಸೆಟ್ಟಿನ ಜೊತೆಗೇ ಹೋದರೆ ದೋಷ ಹೆಡ್‌ಸೆಟ್ಟಿನದು. ಆಸನದಲ್ಲೇ ಉಳಿದರೆ ವಿಮಾನದ ತಂತಿ ಅಥವಾ ಸಾಕೆಟ್ಟಿನದು. ಈ ಒಂದೇ ಪರೀಕ್ಷೆ ಅರ್ಧ ಅನುಮಾನವನ್ನು ಪರಿಹರಿಸುತ್ತದೆ.

ಎರಡನೆಯದು ಪ್ಲಗ್ಗುಗಳು. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಎರಡು ಪ್ಲಗ್ಗುಗಳಿರುತ್ತವೆ. ಕೇಳುವುದಕ್ಕೆ ದಪ್ಪನೆಯದು, ಮೈಕಿಗೆ ತುಸು ಸಣ್ಣದು. ಪೂರ್ತಿ ಒಳಗೆ ಹೋಗದ ಪ್ಲಗ್ಗು, ಅದರ ಮೇಲೆ ಕಟ್ಟಿದ ಕಿಲುಬು, ಇವೆರಡೂ ಕರಕರ ಸದ್ದಿಗೆ ಸಾಮಾನ್ಯ ಕಾರಣಗಳು. ತಿರುಗಿಸಿದಾಗ ಕರಕರ ಹೆಚ್ಚುಕಡಿಮೆಯಾದರೆ ಕಳ್ಳ ಸಿಕ್ಕಂತೆ. ಒಂದೇ ಕಿವಿಯಲ್ಲಿ ಸದ್ದಿಲ್ಲವಾದರೆ ಹೆಡ್‌ಸೆಟ್ಟಿನ ಮೇಲಿರುವ ಮೋನೊ-ಸ್ಟೀರಿಯೊ ಗುಂಡಿಯನ್ನು ಮೊದಲು ನೋಡಬೇಕು. ಎಷ್ಟೋ ಸಲ ಕೆಟ್ಟಿರುವುದು ಏನೂ ಇರುವುದಿಲ್ಲ.

ಮೂರನೆಯದು ಕಿವಿಯ ದಿಂಬು. ಅಂಗೈಯಿಂದ ಬಟ್ಟಲನ್ನು ಮೆಲ್ಲಗೆ ಒತ್ತಿದಾಗ ಸದ್ದು ಕಡಿಮೆಯಾದರೆ ಎಲ್ಲೋ ಸಂದು ಇದೆ ಎಂದರ್ಥ. ಕನ್ನಡಕದ ದಪ್ಪ ಕಡ್ಡಿ, ಟೋಪಿಯ ಅಂಚು, ಬಿರುಕುಬಿಟ್ಟ ದಿಂಬು, ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಗೋಣಿಚೀಲದಲ್ಲಿ ಒಂದು ತೂತಿದ್ದರೂ ಜೋಳ ಸೋರುತ್ತದಲ್ಲವೇ?

ನಾಲ್ಕನೆಯದು ಮೈಕು. ಅದು ತುಟಿಗೆ ಬಹುತೇಕ ತಾಗುವಷ್ಟು ಹತ್ತಿರವಿರಬೇಕು. ಈ ಮೈಕಿಗೆ ಹಿಂದೆ ಮುಂದೆ ಎರಡೂ ಕಡೆ ರಂಧ್ರಗಳಿರುತ್ತವೆ. ದೂರದಿಂದ ಬರುವ ಎಂಜಿನ್ ಸದ್ದು ಎರಡೂ ಕಡೆಯಿಂದ ಸಮನಾಗಿ ನುಗ್ಗಿ ಬಹುಮಟ್ಟಿಗೆ ರದ್ದಾಗುತ್ತದೆ. ಹತ್ತಿರದ ಮಾತು ಒಂದೇ ಕಡೆಯಿಂದ ಜೋರಾಗಿ ಬಂದು ಉಳಿಯುತ್ತದೆ. ಮೈಕನ್ನು ಗಲ್ಲದ ಕೆಳಕ್ಕೆ ಸರಿಸಿದರೆ, ಇಲ್ಲವೇ ಹಿಂದುಮುಂದಾಗಿ ತಿರುಗಿಸಿದರೆ ಈ ಲೆಕ್ಕವೇ ಕೆಡುತ್ತದೆ. ಯಾರೂ ಮಾತಾಡದಿದ್ದರೂ ಇಂಟರ್‌ಕಾಮ್‌ನಲ್ಲಿ ಎಂಜಿನ್ ಗರ್ಜನೆ ಕೇಳುತ್ತಿದ್ದರೆ ‘ಸ್ಕ್ವೆಲ್ಚ್’ ಗುಂಡಿಯನ್ನು ಸರಿಹೊಂದಿಸಬೇಕು. ಎಷ್ಟು ಜೋರಿನ ಸದ್ದಿಗೆ ಮೈಕಿನ ಬಾಗಿಲು ತೆರೆಯಬೇಕೆಂದು ನಿರ್ಧರಿಸುವುದು ಅದೇ.

ಐದನೆಯದು ವಿಮಾನದ ಸ್ವಂತ ವಿದ್ಯುತ್ ಸದ್ದು. ಎಂಜಿನ್ ಆರಿಸಿ ರೇಡಿಯೊ ಮಾತ್ರ ಹಾಕಿ ಕೇಳಬೇಕು. ಆಗ ಇಲ್ಲದ ಸದ್ದು ಎಂಜಿನ್ ಶುರುವಾದ ಮೇಲೆ ಬಂದು, ವೇಗ ಏರಿದಂತೆ ‘ಕುಂಯ್’ ಎಂದು ಸ್ವರವೂ ಏರಿದರೆ ಆಲ್ಟರ್ನೇಟರಿನ ಮೇಲೆ ಅನುಮಾನಪಡಬಹುದು. ಒಂದೇ ಲಯದಲ್ಲಿ ‘ಟಪ್ ಟಪ್’ ಎಂದರೆ ರೆಕ್ಕೆಯ ಮಿನುಗುದೀಪವನ್ನು ನೆಲದ ಮೇಲೆ ಆರಿಸಿ ನೋಡಬಹುದು. ‘ಟರ್ರ್ ಟರ್ರ್’ ಎಂಬ ಸದ್ದು ಜೇಬಿನ ಮೊಬೈಲಿನದಿರಬಹುದು. ಹೀಗೆ ಗುರುತಿಸುವುದು ಪೈಲಟ್ಟಿನ ಕೆಲಸ. ವಿಮಾನದ ತಂತಿಗಳನ್ನು ಬಿಚ್ಚುವುದು ಲೈಸೆನ್ಸ್ ಪಡೆದ ಎಂಜಿನಿಯರರ ಕೆಲಸ. ಅವರಿಗೆ ‘ಸದ್ದು ಬರುತ್ತಿದೆ’ ಎಂದಷ್ಟೇ ಬರೆದುಕೊಟ್ಟರೆ ಸಾಲದು. ಯಾವಾಗ, ಯಾವ ಆಸನದಲ್ಲಿ, ಏನನ್ನು ಆರಿಸಿದಾಗ ನಿಂತಿತು ಎಂದು ಬರೆಯಬೇಕು. ವೈದ್ಯರ ಬಳಿ ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಸುಮ್ಮನಾಗದೆ, ಎಲ್ಲಿ, ಯಾವಾಗ ಎಂದು ಹೇಳಿದರೆ ಮದ್ದು ಬೇಗ ಸಿಗುತ್ತದೆ.

ಹಾರುವಾಗಲೇ ಹೆಡ್‌ಸೆಟ್ ಕೆಟ್ಟರೆ? ಮೊದಲು ವಿಮಾನವನ್ನು ಸರಿಯಾಗಿ ಹಾರಿಸಬೇಕು, ಆಮೇಲೆ ದಾರಿ ನೋಡಬೇಕು, ಮಾತು ಮೂರನೆಯದು. ತಲೆ ಬಗ್ಗಿಸಿ ಸೆಲ್ಲು ಹುಡುಕುತ್ತಾ ಕೂತರೆ ಸಣ್ಣ ದೋಷ ದೊಡ್ಡದಾಗುತ್ತದೆ. ಮತ್ತೊಂದು ಹೆಡ್‌ಸೆಟ್, ಕೈಮೈಕು, ಒಳಗಿನ ಸ್ಪೀಕರು ಇದ್ದರೆ ಬಳಸಬಹುದು. ರೇಡಿಯೊ ಸಂಪರ್ಕ ಪೂರ್ತಿ ಕಡಿದರೆ ಟ್ರಾನ್ಸ್‌ಪಾಂಡರ್ ಎಂಬ ಉಪಕರಣದಲ್ಲಿ 7600 ಎಂದು ಒತ್ತಬೇಕು. ‘ನನಗೆ ರೇಡಿಯೊ ಇಲ್ಲ’ ಎಂಬುದಕ್ಕೆ ಜಗತ್ತಿನಾದ್ಯಂತ ಇದೇ ಸಂಕೇತ. ಆಗ ಗೋಪುರದವರು ಬೆಳಕಿನಿಂದ ಮಾತಾಡುತ್ತಾರೆ. ಇಳಿಯಲು ಬರುತ್ತಿರುವ ವಿಮಾನಕ್ಕೆ ಮಿನುಗದ ಹಸಿರು ಬೆಳಕು ತೋರಿಸಿದರೆ ಇಳಿಯಬಹುದು ಎಂದರ್ಥ.

ನೆಲದ ಮೇಲಿನವರಿಗೂ ಪಾಠ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಕ್ಕಳಿಗೆ ಪೈಲಟ್ ಆಗುವ ಆಸೆ ಇರಬಾರದೆಂದೇನೂ ಇಲ್ಲ. ಪಕ್ಕದ ತೋರಣಗಲ್ಲಿನ ವಿದ್ಯಾನಗರದಲ್ಲೇ ವಿಮಾನ ನಿಲ್ದಾಣವಿದೆ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟ ಬೇಕು ಎಂಬುದು ಹಲವರಿಗೆ ಗೊತ್ತು. ಅದಕ್ಕೆ ಮೊದಲು ವೈದ್ಯಕೀಯ ಪರೀಕ್ಷೆಯಲ್ಲಿ ಕಿವಿಯನ್ನೂ ಪರೀಕ್ಷಿಸುತ್ತಾರೆ ಎಂಬುದು ಅನೇಕ ಪಾಲಕರಿಗೆ ಗೊತ್ತಿರುವುದಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಇಯರ್‌ಫೋನ್ ಜೋರಾಗಿಟ್ಟು, ಜಾತ್ರೆಯ ಡಿಜೆ ಪೆಟ್ಟಿಗೆಯ ಮುಂದೆ ಕುಣಿದು ಕಳೆದುಕೊಂಡ ಶ್ರವಣಶಕ್ತಿ ಆ ದಿನ ಹಿಂದಿರುಗದು.

ಪೈಲಟ್ ಆಗದವರಿಗೂ ಇದು ಅನ್ವಯಿಸುತ್ತದೆ. ಮೆಕ್ಕೆಜೋಳ ಒಕ್ಕುವ ಯಂತ್ರದ ಬಳಿ, ಹಿಟ್ಟಿನ ಗಿರಣಿಯಲ್ಲಿ, ಬೋರ್‌ವೆಲ್ ಕೊರೆಯುವಲ್ಲಿ ದಿನವಿಡೀ ನಿಂತವರು ಸಂಜೆ ಮನೆಗೆ ಬಂದು ಮಾತುಮಾತಿಗೆ ‘ಏನಂದೀ?’ ಎಂದು ಕೇಳುತ್ತಾರೆ. ಮನೆಯವರು ನಗುತ್ತಾರೆ. ಅದು ನಗುವ ವಿಷಯವಲ್ಲ, ಕಿವಿ ಕೊಡುತ್ತಿರುವ ಎಚ್ಚರಿಕೆ. ಒಂದು ಮೊಳ ದೂರದಲ್ಲಿರುವವರ ಜೊತೆ ಕೂಗಿ ಮಾತಾಡಬೇಕಾದ ಜಾಗದಲ್ಲಿ ಕಿವಿಗೆ ರಕ್ಷಣೆ ಬೇಕೇ ಬೇಕು. ಅಲ್ಲಿ ದುಬಾರಿ ಹೆಡ್‌ಸೆಟ್ ಬೇಕಿಲ್ಲ. ಕಡಿಮೆ ಬೆಲೆಯ ಸ್ಪಂಜಿನ ಬಿರಡೆಯನ್ನು ಸರಿಯಾಗಿ ಕಿವಿಗೆ ಹಾಕಿಕೊಂಡರೂ ಸಾಕಷ್ಟು ರಕ್ಷಣೆ ಸಿಗುತ್ತದೆ. ಸದ್ದು ಅಳಿಸುವ ಇಯರ್‌ಫೋನ್ ಹಾಕಿ ರಸ್ತೆಯಲ್ಲಿ ನಡೆಯುವುದು ಮಾತ್ರ ಬೇಡ. ಅಲ್ಲಿ ಲಾರಿಯ ಸದ್ದು ಕೇಳಿಸಲೇಬೇಕು.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಹಳೆಯ ಟೇಪ್‌ರೆಕಾರ್ಡರಿನ ಒಂದೇ ಬಗೆಯ ಎರಡು ಸ್ಪೀಕರುಗಳನ್ನು ಎದುರುಬದುರಾಗಿ ಹತ್ತಿರ ಇಟ್ಟು, ಎರಡರಲ್ಲಿಯೂ ಒಂದೇ ಹಾಡು ಬರುವಂತೆ ಸಣ್ಣ ದನಿಯಲ್ಲಿ ಹಾಕಬೇಕು. ನಂತರ ಸೆಟ್ಟನ್ನು ಆರಿಸಿ, ಒಂದು ಸ್ಪೀಕರಿನ ಎರಡು ತಂತಿಗಳನ್ನು ಮಾತ್ರ ಅದಲುಬದಲು ಮಾಡಿ ಮತ್ತೆ ಹಾಕಬೇಕು. ಸ್ಪೀಕರುಗಳು ಎರಡೂ ನುಡಿಯುತ್ತಿರುತ್ತವೆ. ಆದರೆ ಡೋಲು, ತಬಲಗಳ ದಪ್ಪ ಸದ್ದು ಸೊರಗಿಹೋಗಿರುತ್ತದೆ. ಎಲ್ಲಿಗೆ ಹೋಯಿತು ಎಂಬುದನ್ನು ತರಗತಿಯಲ್ಲಿ ಚರ್ಚಿಸಬಹುದು. ತಂತಿಗಳನ್ನು ಬದಲಿಸುವಾಗ ಬೇರೇನನ್ನೂ ಬದಲಿಸಬಾರದು ಎಂಬುದಷ್ಟೇ ನಿಯಮ.